ಶುಗರ್ ಇದೆಯೋ ಇಲ್ಲವೋ, ಮನೆಯಲ್ಲಿ ಚೆಕ್ ಮಾಡುವುದು ಹೇಗೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರು, ಕುಂದಗೋಳ, ನವಲಗುಂದದಿಂದ ಮೊದಲ ಬಸ್ಸಿಗೆ ಬಂದವರು, ಗದಗ, ಹಾವೇರಿಯಿಂದ ಫೋನ್ ಮಾಡುವ ನೆಂಟರು, ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಗುಳಿಗೆ ಶುರು ಮಾಡುವುದು, ಬಿಡುವುದು, ಬದಲಿಸುವುದು ಎಲ್ಲ ನಿಮ್ಮ ಡಾಕ್ಟರ್ ಹೇಳಿದ ಮೇಲೆಯೇ ಆಗಬೇಕು. ಕೆಳಗೆ ಬರುವ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ನಮ್ಮಲ್ಲಿ ಲ್ಯಾಬ್ ರಿಪೋರ್ಟ್ ಮತ್ತು ಬೆರಳು ಚುಚ್ಚಿ ನೋಡುವ ಮನೆಯ ಮಶೀನ್ (ಗ್ಲೂಕೋಮೀಟರ್) ಎರಡೂ ತೋರಿಸುವುದು ಇದೇ ಲೆಕ್ಕವನ್ನು.

## ಮೊದಲ ಅನುಮಾನ

ಶುಗರ್ ಬಂದೈತಿ ಅಂತ ಹ್ಯಾಂಗ ಗೊತ್ತಾಗ್ತೈತ್ರೀ?

ಪದೇ ಪದೇ ಮೂತ್ರಕ್ಕೆ ಹೋಗುವುದು, ಅದರಲ್ಲೂ ರಾತ್ರಿ ನಿದ್ದೆಗೆಟ್ಟು ಏಳುವುದು. ಎಷ್ಟು ನೀರು ಕುಡಿದರೂ ಬಾಯಿ ಒಣಗುವುದು. ಚೆನ್ನಾಗಿ ಉಂಡರೂ ತೂಕ ಇಳಿಯುವುದು. ಸುಮ್ನೆ ಕೂತರೂ ದಣಿವು. ಈ ನಾಲ್ಕಕ್ಕೂ ಮೂಲ ಒಂದೇ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿಗೆ ಅದನ್ನು ಪೂರ್ತಿ ಹಿಡಿದಿಡಲು ಆಗುವುದಿಲ್ಲ. ಮಿಕ್ಕಿದ್ದು ಮೂತ್ರಕ್ಕೆ ಇಳಿಯುತ್ತದೆ. ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೂತ್ರ ಜಾಸ್ತಿ, ಅದಕ್ಕೇ ನೀರಡಿಕೆ. ತಿಂದದ್ದು ಮೈಗೆ ಹತ್ತದೆ ಹೊರಗೆ ಹೋಗುವುದರಿಂದ ತೂಕವೂ ಇಳಿಯುತ್ತದೆ.

ಏಪ್ರಿಲ್, ಮೇ ತಿಂಗಳ ಗದಗಿನ ಬಿಸಿಲಿನಲ್ಲಿ ನೀರಡಿಕೆ ಯಾರಿಗೆ ಆಗುವುದಿಲ್ಲ ಹೇಳಿ? ಹಾಗಾಗಿ ಬಹಳ ಜನ ಇದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಆದರೆ ಬಿಸಿಲಿನ ನೀರಡಿಕೆಯಾದರೆ ನೀರು ಬೆವರಿನಲ್ಲಿ ಹೋಗಿ ಮೂತ್ರ ಕಡಿಮೆ ಆಗಬೇಕು. ನೀರಡಿಕೆಯೂ ಜಾಸ್ತಿ, ಮೂತ್ರವೂ ಜಾಸ್ತಿ ಆಗಿದ್ದರೆ ಟೆಸ್ಟ್ ಮಾಡಿಸಿ.

ಇನ್ನೂ ಕೆಲವು ಸೂಚನೆಗಳಿವೆ. ಗಾಯ ಬೇಗ ಮಾಯುವುದಿಲ್ಲ. ಮೇಲಿಂದ ಮೇಲೆ ಕುರು ಏಳುತ್ತದೆ. ಕಣ್ಣು ಮಂಜಾಗುತ್ತದೆ, ಚಶ್ಮಾ ನಂಬರ್ ಪದೇ ಪದೇ ಬದಲಾಗುತ್ತದೆ. ಅಂಗಾಲು ಉರಿಯುತ್ತದೆ ಅಥವಾ ಜುಮ್ಮೆನ್ನುತ್ತದೆ. ಗುಪ್ತಾಂಗದಲ್ಲಿ ತುರಿಕೆ ಬಂದು, ಮುಲಾಮು ಹಚ್ಚಿದರೆ ಹೋಗಿ ಮತ್ತೆ ಬರುತ್ತದೆ. ಈ ಕೊನೆಯದನ್ನು ಹೆಣ್ಣುಮಕ್ಕಳು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ, ತಿಂಗಳುಗಟ್ಟಲೆ ಸಹಿಸುತ್ತಾರೆ. ದಯವಿಟ್ಟು ಡಾಕ್ಟರ್‌ಗೆ ಹೇಳಿ. ಶುಗರ್‌ನ ಮೊದಲ ಗುರುತು ಅದೇ ಇರಬಹುದು.

ನನಗ ಏನೂ ತ್ರಾಸ ಇಲ್ಲ. ಮತ್ಯಾಕ ಟೆಸ್ಟ್ ಮಾಡಿಸ್ಬೇಕು?

ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಟೈಪ್ 2 ಶುಗರ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಸಕ್ಕರೆ 140, 150ರಲ್ಲಿ ಇದ್ದರೆ ಮೈಗೆ ಏನೂ ಅನ್ನಿಸುವುದಿಲ್ಲ. ಕಣ್ಣಿನ ಒಳಪದರ, ಕಿಡ್ನಿ, ಕಾಲಿನ ನರ ಮಾತ್ರ ಒಳಗೊಳಗೇ ಸವೆಯುತ್ತಿರುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ. ಅದರ ಅಂಚಿನಲ್ಲಿ ನಿಂತವರು ಇನ್ನೂ ಜಾಸ್ತಿ, 13.6 ಕೋಟಿ. 30 ವರ್ಷ ದಾಟಿದವರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸುವುದು ಒಳ್ಳೆಯದು.

ನಾ ಅಷ್ಟೇನ ದಪ್ಪ ಇಲ್ಲ. ನಮ್ಮಂಥವರಿಗೂ ಬರ್ತದೇನು?

ಬರುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ನಮ್ಮಲ್ಲಿ ಬಹಳ. ತಕ್ಕಡಿಯ ತೂಕಕ್ಕಿಂತ ಸೊಂಟದ ಅಳತೆ ಇಲ್ಲಿ ಹೆಚ್ಚು ಹೇಳುತ್ತದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಅಪಾಯ ಏರಿತು ಎಂದು ತಿಳಿಯಿರಿ. ಹೊಕ್ಕುಳದ ಮಟ್ಟದಲ್ಲಿ ಟೇಪು ಹಿಡಿದು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ.

ಚೆನ್ನೈನ ಸಂಶೋಧಕರು ನಮ್ಮ ದೇಶದವರಿಗೆಂದೇ ಮಾಡಿದ ಒಂದು ಅಂಕಪಟ್ಟಿ ಇದೆ. ಅದರಲ್ಲಿ ನೋಡುವುದು ನಾಲ್ಕೇ ಸಂಗತಿ: ವಯಸ್ಸು, ಸೊಂಟದ ಸುತ್ತಳತೆ, ಮೈ ಬಗ್ಗಿಸುವ ಕೆಲಸ ಎಷ್ಟು, ತಂದೆ ತಾಯಿಗೆ ಶುಗರ್ ಇದೆಯೇ. ನೂರಕ್ಕೆ 60 ಅಥವಾ ಜಾಸ್ತಿ ಬಂದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಅಂಗಡಿ ಗಲ್ಲೆಯ ಮುಂದೆ, ಆಫೀಸಿನಲ್ಲಿ, ಹೊಲಿಗೆ ಮಶೀನ್ ಮುಂದೆ ಇಡೀ ದಿನ ಕೂತು ದುಡಿಯುವವರು ತಮ್ಮ ದಣಿವನ್ನು ವ್ಯಾಯಾಮ ಎಂದು ಲೆಕ್ಕ ಹಾಕಬಾರದು.

ಮೂತ್ರಕ್ಕ ಇರವಿ ಮುತ್ತಿದ್ರ ಶುಗರ್ ಅಂತಾರಲ್ಲ, ಖರೇ ಏನು?

ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಇರುವೆ ಬರಬಹುದು, ಅಷ್ಟು ಖರೆ. ಆದರೆ ಇರುವೆ ಬರಲಿಲ್ಲ ಎಂದು ನಿಶ್ಚಿಂತರಾಗುವುದು ತಪ್ಪು. ರಕ್ತದಲ್ಲಿ 180 ದಾಟುವ ತನಕ ಮೂತ್ರದಲ್ಲಿ ಸಕ್ಕರೆ ಕಾಣಿಸುವುದೇ ಕಡಿಮೆ. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಗೂ ಇದೇ ಮಿತಿ ಇದೆ.

ಮಗಳ ಕುತ್ತಿಗಿ ಹಿಂದ ಕಪ್ಪಾಗೈತಿ. ಎಷ್ಟ ತಿಕ್ಕಿದ್ರೂ ಹೋಗವಲ್ದು.

ಅದು ಕೊಳೆ ಅಲ್ಲ. ತಿಕ್ಕಿ ತಿಕ್ಕಿ ಮಗುವಿನ ಚರ್ಮ ಕೆಂಪು ಮಾಡಬೇಡಿ, ಎಲ್ಲರ ಮುಂದೆ ಬೈಯಲೂ ಬೇಡಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗುವುದು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿ ಇಡುವ ಇನ್ಸುಲಿನ್ ಎಂಬ ಹಾರ್ಮೋನು ದೇಹಕ್ಕೆ ಸರಿಯಾಗಿ ಹತ್ತುತ್ತಿಲ್ಲ ಎನ್ನುವುದರ ಗುರುತು ಇರಬಹುದು. ತೂಕ ಜಾಸ್ತಿ ಇರುವ ಹುಡುಗಿಯರಲ್ಲಿ ಇದರ ಜೊತೆ ಮುಟ್ಟಿನ ಏರುಪೇರೂ ಕಾಣಿಸುತ್ತದೆ. ಡಾಕ್ಟರ್‌ಗೆ ತೋರಿಸಿ, ಸಕ್ಕರೆ ನೋಡಿಸಿ.

ಸಣ್ಣ ಹುಡುಗರಿಗೆ ಶುಗರ್ ಎಲ್ಲಿಂದ ಬರ್ತೈತ್ರೀ?

ಬರುತ್ತದೆ. ಈ ಉತ್ತರವನ್ನು ಮಾತ್ರ ಯಾರೂ ಬಿಟ್ಟು ಹೋಗಬೇಡಿ. ಮಕ್ಕಳಲ್ಲಿ ಹೆಚ್ಚಾಗಿ ಬರುವುದು ಟೈಪ್ 1. ಅದರಲ್ಲಿ ಇನ್ಸುಲಿನ್ ತಯಾರಿಸುವ ಕಣಗಳೇ ನಾಶವಾಗುತ್ತವೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿಯ ತಪ್ಪೂ ಅಲ್ಲ. ಮಗು ಚೊಂಬುಗಟ್ಟಲೆ ನೀರು ಕುಡಿಯುತ್ತದೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುತ್ತದೆ. ಕೆಲವೇ ವಾರಗಳಲ್ಲಿ ಸೊರಗಿ ಹೋಗುತ್ತದೆ. ಹೀಗಾದರೆ ಅದೇ ದಿನ ಸಕ್ಕರೆ ನೋಡಿಸಿ. ನಾಳೆ, ಸೋಮವಾರ, ಜಾತ್ರೆ ಮುಗಿಯಲಿ ಅನ್ನಬೇಡಿ.

ವಾಂತಿ, ಹೊಟ್ಟೆ ನೋವು, ಜೋರಾದ ಉಸಿರಾಟ, ಮಂಪರು ಇದ್ದರೆ ನೇರವಾಗಿ ದೊಡ್ಡಾಸ್ಪತ್ರೆಗೆ ಒಯ್ಯಿರಿ. ಇಂಥ ಮಗುವಿಗೆ ಇನ್ಸುಲಿನ್ ಬಿಟ್ಟರೆ ಬೇರೆ ಮದ್ದಿಲ್ಲ. ಎಲೆ ರಸ, ಗಿಡಮೂಲಿಕೆ ಎಂದು ಎರಡು ದಿನ ಕಳೆದರೂ ಜೀವಕ್ಕೆ ಕುತ್ತು.

## ಲ್ಯಾಬ್‌ನಲ್ಲಿ ಖಾತ್ರಿ ಮಾಡಿಕೊಳ್ಳುವುದು

ಎಷ್ಟಿದ್ರ ಶುಗರ್ ಅಂತ ಲೆಕ್ಕ?

ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಅಂಚಿನ ಸ್ಥಿತಿ. 126 ಅಥವಾ ಮೇಲೆ ಇದ್ದರೆ ಶುಗರ್. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 140ರ ಒಳಗಿದ್ದರೆ ಸರಿ, 140ರಿಂದ 199 ಅಂಚು, 200 ಅಥವಾ ಮೇಲೆ ಶುಗರ್. ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ ಶೇಕಡಾ ಲೆಕ್ಕದ್ದು, ಅದು 5.7ರ ಒಳಗೆ ಇರಬೇಕು. 5.7ರಿಂದ 6.4 ಅಂಚು, 6.5 ಅಥವಾ ಮೇಲೆ ಶುಗರ್.

ಲಕ್ಷಣಗಳು ಎದ್ದು ಕಾಣುತ್ತಿದ್ದು, ಯಾವ ಹೊತ್ತಿನಲ್ಲಿ ನೋಡಿದರೂ 200 ದಾಟಿದ್ದರೆ ಡಾಕ್ಟರ್ ಅಲ್ಲಿಗೇ ನಿರ್ಧಾರ ಮಾಡುತ್ತಾರೆ. ಲಕ್ಷಣ ಏನೂ ಇಲ್ಲದಿದ್ದರೆ ಒಂದೇ ರಿಪೋರ್ಟ್ ನೋಡಿ ಹಣೆಪಟ್ಟಿ ಹಚ್ಚುವುದಿಲ್ಲ. ಇನ್ನೊಂದು ಟೆಸ್ಟ್ ಅದನ್ನು ಒಪ್ಪಬೇಕು.

ಅಂಚಿನಲ್ಲಿ ಇದ್ದೀರಿ ಎಂದರೆ ಬೇಜಾರು ಬೇಡ, ತಿರುಗಿ ಬರಲು ಇನ್ನೂ ದಾರಿ ಇದೆ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಸುಧಾರಿಸಿಕೊಂಡ ಅಂಚಿನವರಿಗೆ ಶುಗರ್ ಬರುವ ಅಪಾಯ ಶೇಕಡಾ 28.5ರಷ್ಟು ಇಳಿಯಿತು. ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಲು ಉಣಕಲ್ ಕೆರೆಯ ದಂಡೆ ಇದೆ, ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನ ಇದೆ, ಗದಗಿನ ಭೀಷ್ಮ ಕೆರೆ ಇದೆ. ಇದಕ್ಕೆ ದುಡ್ಡು ಬೇಕಾಗಿಲ್ಲ.

ಮನಿ ಮಶೀನ್‌ನ್ಯಾಗ 210 ಬಂತು. ಅಣ್ಣನ ಗುಳಿಗಿನ ಚಾಲೂ ಮಾಡ್ಲೇನು?

ಬೇಡ. ಮೊದಲು ಕೈ ತೊಳೆದು ಮತ್ತೊಮ್ಮೆ ನೋಡಿ. ಆಮೇಲೂ ಜಾಸ್ತಿ ಇದ್ದರೆ ಲ್ಯಾಬ್‌ಗೆ ಬನ್ನಿ. ಬೆರಳಿನ ಹನಿ ಅನುಮಾನ ಹುಟ್ಟಿಸಲು ಸಾಕು. ಕಾಯಿಲೆ ಇದೆ ಎಂದು ಖಾತ್ರಿ ಮಾಡಲು ರಕ್ತನಾಳದಿಂದ ತೆಗೆದ ರಕ್ತವೇ ಬೇಕು. ಅಣ್ಣನ ಗುಳಿಗೆ ಅವರ ಕಿಡ್ನಿ, ವಯಸ್ಸು, ತೂಕ ನೋಡಿ ಕೊಟ್ಟದ್ದು. ಕೆಲವು ಗುಳಿಗೆಗಳು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತವೆ.

ಮಂಡಿ ನೋವಿಗೆ, ದಮ್ಮಿಗೆ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ, ಜ್ವರ ಅಥವಾ ಸೋಂಕು ಇದ್ದರೆ ಸಕ್ಕರೆ ಏರುತ್ತದೆ. ಅದನ್ನು ಡಾಕ್ಟರ್‌ಗೆ ತಪ್ಪದೇ ಹೇಳಿ.

ಬರೂಕಿಂತ ಮೊದಲ ಒಂದ ಕಪ್ ಚಾ ಕುಡದ್ರ ನಡೀತದಿಲ್ರೀ?

ನಡೆಯುವುದಿಲ್ಲ. ಸಕ್ಕರೆ ಇಲ್ಲದ ಚಹಾನೂ ಬೇಡ, ಹಾಲಿನಲ್ಲೂ ಸಕ್ಕರೆ ಅಂಶ ಇದೆ. ಕನಿಷ್ಠ ಎಂಟು ತಾಸು ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿರಬಾರದು. ನೀರು ಧಾರಾಳವಾಗಿ ಕುಡಿಯಿರಿ, ರಕ್ತ ತೆಗೆಯಲು ನಮಗೂ ಸುಲಭ. ಶುಗರ್ ಗುಳಿಗೆ ತೆಗೆದುಕೊಳ್ಳುತ್ತಿರುವವರು ಖಾಲಿ ಹೊಟ್ಟೆಯ ರಕ್ತ ಕೊಟ್ಟ ಮೇಲೆ, ಎಂದಿನಂತೆ ಗುಳಿಗೆ ತೆಗೆದುಕೊಂಡು ನಾಷ್ಟಾ ಮಾಡಿ. ಊಟದ ನಂತರದ ರಕ್ತಕ್ಕೆ ಎರಡು ತಾಸನ್ನು ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎಣಿಸಬೇಕು. ಕೈ ತೊಳೆದ ಹೊತ್ತಿನಿಂದ ಎಣಿಸುವವರೇ ಜಾಸ್ತಿ.

ಟೆಸ್ಟ್ ಇದೆ ಎಂದು ಎರಡು ದಿನ ಮೊದಲಿಂದ ಸಿಹಿ ಬಿಟ್ಟು, ಊಟ ಅರ್ಧ ಮಾಡಿ ಬರುವವರೂ ಇದ್ದಾರೆ. ಆಗ ರಿಪೋರ್ಟ್ ನಿಮ್ಮ ಆ ಎರಡು ದಿನವನ್ನು ಮಾತ್ರ ತೋರಿಸುತ್ತದೆ. ಡಾಕ್ಟರ್ ಅದನ್ನೇ ನಂಬಿ ಗುಳಿಗೆ ನಿರ್ಧರಿಸಿದರೆ ನಷ್ಟ ನಿಮಗೇ ಅಲ್ವಾ?

ಬಸುರಿದ್ದಾಗ ಶುಗರ್ ಬಂದಿತ್ತು, ಹಡೆದ ಮ್ಯಾಲೆ ಹೋತು. ಇನ್ನ ಚಿಂತಿ ಇಲ್ಲಲ್ಲ?

ಹೆರಿಗೆ ಆದ ಮೇಲೆ ಇಳಿಯುವುದು ಸಹಜ. ಆದರೆ ಮುಂದೆ ಟೈಪ್ 2 ಬರುವ ಸಾಧ್ಯತೆ ಇವರಲ್ಲಿ ಬಹಳ ಹೆಚ್ಚು. ಹೆರಿಗೆಯಾಗಿ ಆರು ವಾರ ಆದಾಗ ಒಂದು ಸಲ ಗ್ಲೂಕೋಸ್ ಕುಡಿದು ಟೆಸ್ಟ್ ಮಾಡಿಸಬೇಕು, ಆಮೇಲೂ ವರ್ಷ ವರ್ಷ ನೋಡಿಸಬೇಕು. ನಮ್ಮಲ್ಲಿ ಇದು ತಪ್ಪಿಹೋಗುವುದಕ್ಕೆ ಒಂದು ಕಾರಣ ಇದೆ. ಬಸಿರಿನ ಟೆಸ್ಟ್ ಗಂಡನ ಊರಲ್ಲಿ ಆಗಿರುತ್ತದೆ, ಬಾಣಂತನ ತವರಿನಲ್ಲಿ ನಡೆಯುತ್ತದೆ. ತಾಯಿ ಕಾರ್ಡ್ ಯಾವುದೋ ಟ್ರಂಕಿನಲ್ಲಿ ಉಳಿಯುತ್ತದೆ. ಮಗುವಿಗೆ ಆರನೇ ವಾರದ ಲಸಿಕೆ ಹಾಕಿಸಲು ಹೋಗುತ್ತೀರಲ್ಲ, ಅಂದೇ ನಿಮ್ಮ ಟೆಸ್ಟ್ ಬಗ್ಗೆಯೂ ಕೇಳಿ.

ಈಗ ಬಸಿರಾಗಿದ್ದರೆ ಮೊದಲ ತಪಾಸಣೆಯಲ್ಲೇ ಒಮ್ಮೆ, 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಟೆಸ್ಟ್ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಊಟ ಮಾಡಿದ್ದರೂ ಈ ಟೆಸ್ಟ್ ಮಾಡುತ್ತಾರೆ. ಎರಡು ತಾಸಿನ ನಂತರ 140 ಅಥವಾ ಮೇಲೆ ಬಂದರೆ ಬಸಿರಿನ ಶುಗರ್ ಎಂದು ಲೆಕ್ಕ.

ರೊಕ್ಕ ಇಲ್ಲದ ಎಲ್ಲಿ ನೋಡಿಸ್ಬಹುದು?

ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರ, ಶಹರದಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಹೆಸರಿನ ಸರ್ಕಾರಿ ದವಾಖಾನೆ. 30 ದಾಟಿದವರಿಗೆ ಬಿಪಿ, ಶುಗರ್ ನೋಡುವುದು ಅಲ್ಲಿನ ಕೆಲಸವೇ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ಸೊಂಟ ಎಂದು ಕೇಳಿದರೆ ಒಳಗಿಂದಲೇ ಎಲ್ಲಾ ಆರಾಮ ಎಂದು ಕಳಿಸಬೇಡಿ, ಕೂತು ಉತ್ತರ ಹೇಳಿ. ಹೆಚ್ಚಿನ ತಪಾಸಣೆ ಬೇಕಾದರೆ ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ಗದಗಿನಲ್ಲಿ ಜಿಮ್ಸ್, ಧಾರವಾಡ ಮತ್ತು ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಡಾಕ್ಟರ್ ಬರೆದ ಗುಳಿಗೆ ಜನೌಷಧಿ ಅಂಗಡಿಯಲ್ಲಿ ಬಹಳ ಅಗ್ಗ.

## ಮನೆಯಲ್ಲಿ ಮಶೀನ್ ಹಿಡಿದಾಗ

ಯಾವ ಮಶೀನ್ ತಗೊಳ್ಳೂಣು?

ಮಶೀನ್ ರೇಟ್ ಕೇಳುವ ಮೊದಲು ಸ್ಟ್ರಿಪ್ (ರಕ್ತದ ಹನಿ ತಾಗಿಸುವ ಸಣ್ಣ ಪಟ್ಟಿ) ರೇಟ್ ಕೇಳಿ. ಮಶೀನ್ ಒಮ್ಮೆ ಕೊಳ್ಳುತ್ತೀರಿ, ಸ್ಟ್ರಿಪ್ ಮುಗಿದಾಗಲೆಲ್ಲ ಕೊಳ್ಳಬೇಕು. ಆ ಸ್ಟ್ರಿಪ್ ನಿಮ್ಮ ಊರಿನ ಔಷಧಿ ಅಂಗಡಿಯಲ್ಲೇ ಸಿಗುತ್ತದೆಯೇ ನೋಡಿ. ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದರ ಮಶೀನ್‌ಗೆ ಬರುವುದಿಲ್ಲ. ಹಿರಿಯರಿಗಾದರೆ ಅಂಕಿ ದೊಡ್ಡದಾಗಿ ಕಾಣಬೇಕು. ಡಬ್ಬಿಯ ಮೇಲೆ ಐಎಸ್‌ಒ 15197 ಎಂದಿದ್ದರೆ ನಿಖರತೆಯ ಅಂತರರಾಷ್ಟ್ರೀಯ ಮಾನದಂಡಕ್ಕೆ ತಕ್ಕಂತೆ ಮಾಡಿದ್ದು ಎಂದರ್ಥ.

ಬೆರಳ ಚುಚ್ಚೂದು ಹ್ಯಾಂಗ? ಪ್ರತಿ ಸಲ ಬ್ಯಾರೆ ಬ್ಯಾರೆ ಬರ್ತೈತಿ.

ಬೇರೆ ಬೇರೆ ಬರುವುದರ ಹಿಂದೆ ಬಹಳ ಸಲ ಇರುವುದು ತೊಳೆಯದ ಕೈ. ಮಾವಿನ ಹಣ್ಣು ಸುಲಿದ ಬೆರಳು, ಫೇಡೆ ಮುಟ್ಟಿದ ಬೆರಳು, ಬೆಲ್ಲ ಕುಟ್ಟಿದ ಬೆರಳು. ಕಣ್ಣಿಗೆ ಕಾಣದಷ್ಟು ಸಕ್ಕರೆ ಅಲ್ಲಿ ಉಳಿದರೂ ಸಾಕು, ಮಶೀನ್ ಅದನ್ನೂ ರಕ್ತದ ಸಕ್ಕರೆ ಎಂದೇ ಓದುತ್ತದೆ. 130 ಇದ್ದದ್ದು 200 ದಾಟಿ ತೋರಿಸಬಹುದು. ಸೋಪು ಹಚ್ಚಿ ಬೆಚ್ಚನೆ ನೀರಲ್ಲಿ ತೊಳೆಯಿರಿ. ಪೂರ್ತಿ ಒರೆಸಿ, ಒದ್ದೆ ಇದ್ದರೆ ರಕ್ತ ತೆಳುವಾಗಿ ಕಡಿಮೆ ತೋರಿಸುತ್ತದೆ. ಸ್ಪಿರಿಟ್ ಹಚ್ಚಿದರೆ ಅದು ಆರುವ ತನಕ ತಡೆಯಿರಿ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಕೆಲಸ ಮಾಡುವವರು ಎರಡು ಸಲ ತೊಳೆಯುವುದು ಒಳ್ಳೆಯದು. ಇದು ಸಕ್ಕರೆಗಾಗಿ ಅಲ್ಲ, ಚುಚ್ಚಿದ ಜಾಗ ಉರಿಯಬಾರದು ಎಂದು.

ಆಮೇಲೆ ಕೈ ಕೆಳಗೆ ಜೋತು ಬಿಟ್ಟು ಸ್ವಲ್ಪ ಹೊತ್ತು ಇರಿ, ರಕ್ತ ಬೆರಳಿಗೆ ಇಳಿಯುತ್ತದೆ. ಬೆರಳಿನ ನಡುವಿನ ಮೆತ್ತೆಗೆ ಚುಚ್ಚಬೇಡಿ, ಬದಿಗೆ ಚುಚ್ಚಿ. ಅಲ್ಲಿ ನೋವು ಕಡಿಮೆ. ದಿನಾ ಬೆರಳು ಬದಲಿಸಿ. ಹನಿ ಬರಲಿಲ್ಲ ಎಂದು ಬೆರಳನ್ನು ಜೋರಾಗಿ ಹಿಂಡಬಾರದು, ರಕ್ತದ ಜೊತೆ ಮಾಂಸದ ನೀರೂ ಬಂದು ಲೆಕ್ಕ ತಪ್ಪುತ್ತದೆ. ಬುಡದಿಂದ ತುದಿಗೆ ಮೆಲ್ಲಗೆ ನೀವಿದರೆ ಸಾಕು. ಕೈ ತೊಳೆದಿದ್ದರೆ ಮೊದಲ ಹನಿಯೇ ನಡೆಯುತ್ತದೆ. ಹೊಲದಲ್ಲೋ ಬಸ್ಸಿನಲ್ಲೋ ಇದ್ದು ತೊಳೆಯಲು ಆಗದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಿ. ಸ್ಟ್ರಿಪ್‌ನ ಅಂಚನ್ನು ಹನಿಗೆ ತಾಗಿಸಿ, ಅದೇ ಎಳೆದುಕೊಳ್ಳುತ್ತದೆ. ಸಾಲಲಿಲ್ಲ ಎಂದು ಅದೇ ಸ್ಟ್ರಿಪ್‌ಗೆ ಮೇಲಿಂದ ಇನ್ನೊಂದು ಹನಿ ಸುರಿಯುವುದು ಬೇಡ.

ಒಂದ ಸೂಜಿಲೇ ಮನಿ ಮಂದಿಯೆಲ್ಲಾ ನೋಡ್ಕೊಂಡ್ರ ಏನಾಗ್ತೈತಿ?

ಹೆಪಟೈಟಿಸ್ ಬಿ ತರಹದ ಕಾಯಿಲೆ ಒಬ್ಬರಿಂದ ಒಬ್ಬರಿಗೆ ದಾಟಬಹುದು. ಗಂಡ ಹೆಂಡತಿ, ಅವ್ವ ಮಗ ಯಾರೇ ಇರಲಿ, ಸೂಜಿ ಹಂಚಿಕೊಳ್ಳಬಾರದು. ಸೂಜಿ ಹಾಕುವ ಪೆನ್ನು ಕೂಡ ಒಬ್ಬರಿಗೆ ಒಂದು. ಮಶೀನ್ ಒಂದೇ ಇದ್ದರೆ ಒರೆಸಿ ಬಳಸಿ. ಬಳಸಿದ ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯಿರಿ. ತುಂಬಿದ ಮೇಲೆ ಹತ್ತಿರದ ಆರೋಗ್ಯ ಕೇಂದ್ರ ಅಥವಾ ಲ್ಯಾಬ್‌ನಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ. ಬಿಡಿ ಸೂಜಿಯನ್ನು ಕಸದ ಬುಟ್ಟಿಗೆ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಅವರಿಗೂ ಮನೆ ಮಕ್ಕಳು ಇದ್ದಾರೆ.

ಬ್ಯಾಸಗ್ಯಾಗ ಸ್ಟ್ರಿಪ್ ಫ್ರಿಜ್‌ನ್ಯಾಗ ಇಡ್ಲೇನು?

ಬೇಡ, ಅಲ್ಲಿ ತೇವ ಹಿಡಿಯುತ್ತದೆ. ಹೆಚ್ಚಿನ ಸ್ಟ್ರಿಪ್‌ಗಳಿಗೆ 30 ಡಿಗ್ರಿ ಒಳಗಿನ ಒಣ ಜಾಗ ಬೇಕು. ತಗಡಿನ ಮನೆಯ ಅಟ್ಟ, ಬೈಕಿನ ಡಿಕ್ಕಿ, ಒಲೆ ಪಕ್ಕದ ಗೂಡು, ಟಿವಿ ಮೇಲೆ ಬೇಡ. ನೆಲದ ಹತ್ತಿರ ತಂಪಾದ ಕಪಾಟು ಸರಿ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಿ. ಡಬ್ಬಿ ಒಡೆದ ತಾರೀಕನ್ನು ಅದರ ಮೇಲೇ ಬರೆಯಿರಿ. ಒಡೆದ ಮೇಲೆ ಎಷ್ಟು ತಿಂಗಳು ನಡೆಯುತ್ತದೆ ಎಂದು ಅಲ್ಲೇ ಅಚ್ಚಾಗಿರುತ್ತದೆ.

ದಿನಾ ಎಷ್ಟ ಸಲ ನೋಡ್ಬೇಕು?

ಇನ್ಸುಲಿನ್ ತೆಗೆದುಕೊಳ್ಳುವವರು ದಿನಕ್ಕೆ ಹಲವು ಸಲ, ಡಾಕ್ಟರ್ ಹೇಳಿದ ಹೊತ್ತಿಗೆ. ಗುಳಿಗೆಯಲ್ಲೇ ಹತೋಟಿಯಲ್ಲಿ ಇರುವವರಿಗೆ ದಿನಾ ಬೇಕಾಗಿಲ್ಲ. ವಾರದಲ್ಲಿ ಕೆಲವು ಸಲ ನೋಡಿದರೂ ಸಾಕಾಗುತ್ತದೆ, ಆದರೆ ಹೊತ್ತು ಬದಲಿಸಿ ನೋಡಬೇಕು. ಯಾವಾಗಲೂ ಮುಂಜಾನೆಯದನ್ನೇ ನೋಡಿ ಸಮಾಧಾನ ಪಟ್ಟರೆ ಮಧ್ಯಾಹ್ನ ಊಟದ ನಂತರ 260 ಏರುವುದು ಗೊತ್ತೇ ಆಗುವುದಿಲ್ಲ. ಶುಗರ್ ಇರುವ ಬಹುತೇಕ ದೊಡ್ಡವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಗುರಿ. ಬಹಳ ವಯಸ್ಸಾದವರಿಗೆ ಡಾಕ್ಟರ್ ಸ್ವಲ್ಪ ಸಡಿಲ ಬಿಡುತ್ತಾರೆ.

ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಏನು ಉಂಡಿರಿ ಎಂಬುದರ ಜೊತೆ ಬರೆಯಿರಿ. ಮದುವೆ ಊಟ, ಜ್ವರ, ನಿದ್ದೆ ಇಲ್ಲದ ರಾತ್ರಿ ಇದ್ದರೆ ಅದನ್ನೂ ಬರೆಯಿರಿ. ಡಾಕ್ಟರ್ ಹತ್ತಿರ ಸಿಗುವ ಐದು ನಿಮಿಷದಲ್ಲಿ ಆ ಪುಸ್ತಕ ನಿಮ್ಮ ಪರವಾಗಿ ಮಾತಾಡುತ್ತದೆ.

ಜ್ವಾಳದ ರೊಟ್ಟಿ ತಿಂದ್ರ ಶುಗರ್ ಏರೂದಿಲ್ಲ ಅಂತಾರ. ಹೌದಲ್ರೀ?

ನಮ್ಮ ಕಡೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ರೊಟ್ಟಿ ಒಳ್ಳೆಯ ಊಟ, ಸಂಶಯವಿಲ್ಲ. ಆದರೆ ಸಕ್ಕರೆ ಏರಿಸುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದು. ಬಿಳಿ ಅಕ್ಕಿಯಲ್ಲಿ 78. ವ್ಯತ್ಯಾಸ ಹೆಚ್ಚಾಗಿ ಇರುವುದು ನಾರಿನಲ್ಲಿ. ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 3ರ ಆಸುಪಾಸು. ಆ ನಾರಿನಿಂದ ಏರಿಕೆ ನಿಧಾನವಾಗುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ಶುಗರ್‌ಗೆ ಒಳ್ಳೆಯದು ಎಂದು ನಾಲ್ಕು ರೊಟ್ಟಿ ಉಂಡು, ಮೇಲೆ ಅನ್ನ ಸಾರು ಉಂಡರೆ ಆ ಲಾಭ ಉಳಿಯುವುದಿಲ್ಲ.

ನಿಮ್ಮ ಮೈಗೆ ಎಷ್ಟು ರೊಟ್ಟಿ ಸರಿ ಎಂದು ಯಾರ ಮಾತನ್ನೂ ಕೇಳಬೇಕಾಗಿಲ್ಲ, ಮಶೀನ್ ಹೇಳುತ್ತದೆ. ಒಂದು ದಿನ ಊಟಕ್ಕೆ ಕೂರುವ ಮೊದಲು ಚೆಕ್ ಮಾಡಿ. ಎಂದಿನಂತೆ ಉಣ್ಣಿರಿ. ಮೊದಲ ತುತ್ತಿನಿಂದ ಎರಡು ತಾಸಿಗೆ ಮತ್ತೆ ಚೆಕ್ ಮಾಡಿ. ಎರಡೂ ಬರೆದಿಡಿ. ಇನ್ನೊಂದು ದಿನ ಒಂದು ರೊಟ್ಟಿ ಕಡಿಮೆ ಮಾಡಿ, ಮಡಿಕೆ ಕಾಳಿನ ಪಲ್ಯವೋ ಹೆಸರು ಕಾಳೋ ಜಾಸ್ತಿ ಹಾಕಿಕೊಂಡು, ಹಕ್ಕರಿಕೆ, ಮೆಂತ್ಯ, ಮೂಲಂಗಿ ಹಸಿಯಾಗೇ ಕಡಿದುಕೊಂಡು ಉಂಡು ನೋಡಿ. ಮತ್ತೊಂದು ದಿನ ಊಟವಾದ ಮೇಲೆ ಹದಿನೈದು ನಿಮಿಷ ನಡೆದು ನೋಡಿ. ಮೂರೂ ದಿನದ ಅಂಕಿ ಪಕ್ಕ ಪಕ್ಕ ಇಟ್ಟರೆ ನಿಮಗೆ ಬೇಕಾದ ಉತ್ತರ ಸಿಗುತ್ತದೆ. ಮನೆಯ ಮಶೀನ್‌ನ ಅತಿ ದೊಡ್ಡ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ಗಿರ್ಮಿಟ್ಟು, ಉಪ್ಪಿಟ್ಟು, ಪಂಚಮಿಯ ಉಂಡಿ, ಬೆಲ್ಲದ ಚಹಾ, ಯಾವುದನ್ನು ಬೇಕಾದರೂ ಹೀಗೇ ಪರೀಕ್ಷಿಸಬಹುದು. ಬೆಲ್ಲ ನಿರುಪದ್ರವಿ ಎಂದು ನಂಬಿದವರು ದಯವಿಟ್ಟು ಒಮ್ಮೆ ಮಾಡಿ ನೋಡಿ.

## ಇನ್ನೂ ಆಳಕ್ಕೆ

ಲ್ಯಾಬ್‌ನ್ಯಾಗ 160, ಮಶೀನ್‌ನ್ಯಾಗ 178. ಯಾವುದು ಖರೇ?

ಎರಡೂ ಸರಿ ಇರಬಹುದು. 100ಕ್ಕಿಂತ ಮೇಲೆ ಮನೆಯ ಮಶೀನ್ ಶೇಕಡಾ 15ರಷ್ಟು ಆಚೀಚೆ ಹೋದರೂ ಮಾನದಂಡ ಒಪ್ಪುತ್ತದೆ. 160ಕ್ಕೆ ಅದು 136ರಿಂದ 184. ಹೋಲಿಸಬೇಕಾದರೆ ಖಾಲಿ ಹೊಟ್ಟೆಯಲ್ಲಿ, ಲ್ಯಾಬ್‌ನಲ್ಲಿ ರಕ್ತ ಕೊಡುವ ಹೊತ್ತಿಗೇ ಬೆರಳನ್ನೂ ಚುಚ್ಚಿ ನೋಡಿ. ಊಟದ ನಂತರ ಬೆರಳಿನ ರಕ್ತದಲ್ಲಿ ಸಕ್ಕರೆ ರಕ್ತನಾಳಕ್ಕಿಂತ ಸಹಜವಾಗಿಯೇ ಜಾಸ್ತಿ ಇರುತ್ತದೆ. ರಕ್ತ ಕಡಿಮೆ ಇರುವವರಲ್ಲಿಯೂ ಮಶೀನ್ ಜಾಸ್ತಿ ತೋರಿಸುತ್ತದೆ.

ಲ್ಯಾಬ್‌ನ ಕಡೆಯಿಂದಲೂ ತಪ್ಪಬಹುದು. ಹಳ್ಳಿಯ ಕ್ಯಾಂಪಿನಲ್ಲಿ ತೆಗೆದ ರಕ್ತ ಶಹರಕ್ಕೆ ಬರುವಷ್ಟರಲ್ಲಿ, ಸರಿಯಾದ ಟ್ಯೂಬಿನಲ್ಲಿ ಇಟ್ಟಿಲ್ಲವಾದರೆ, ರಕ್ತಕಣಗಳೇ ಸಕ್ಕರೆ ತಿನ್ನುತ್ತಾ ಹೋಗುತ್ತವೆ. ತಾಸಿಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಸಕ್ಕರೆಗೆಂದು ಬೂದು ಮುಚ್ಚಳದ ಟ್ಯೂಬ್ ಬಳಸಿದರೇ ಎಂದು ಕೇಳುವ ಹಕ್ಕು ನಿಮಗಿದೆ.

ರಾತ್ರಿ ಊಟಾನ ಬಿಟ್ಟೆ. ಆದ್ರೂ ಮುಂಜಾನಿ 170 ಯಾಕ?

ಬೆಳಗಿನ ಜಾವ ದೇಹ ಏಳುವ ತಯಾರಿಗೆ ಕೆಲವು ಹಾರ್ಮೋನು ಬಿಡುತ್ತದೆ, ಲಿವರ್ ತನ್ನ ಸಂಗ್ರಹದಿಂದ ಸಕ್ಕರೆ ಬಿಡುತ್ತದೆ. ಇನ್ಸುಲಿನ್ ಸಾಕಷ್ಟು ಇಲ್ಲದವರಲ್ಲಿ ಅದು ಹಾಗೇ ಏರಿ ನಿಲ್ಲುತ್ತದೆ. ಊಟ ಬಿಟ್ಟರೆ ಅದು ತಪ್ಪುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಂಡು ಊಟ ಬಿಟ್ಟರೆ ರಾತ್ರಿ ಸಕ್ಕರೆ ಕುಸಿಯುವ ಅಪಾಯ ಬೇರೆ. ಡಾಕ್ಟರ್ ಹೇಳಿದರೆ ಮಲಗುವಾಗ, ರಾತ್ರಿ ಮೂರರ ಸುಮಾರಿಗೆ, ಮತ್ತೆ ಎದ್ದ ಕೂಡಲೇ ನೋಡಿ ಆ ಮೂರು ಅಂಕಿ ಒಯ್ಯಿರಿ.

ಮಶೀನ್‌ನ್ಯಾಗ ಎಲ್ಲಾ ಚಲೋ ಐತಿ, ಎಚ್‌ಬಿಎ1ಸಿ 7.8 ಅಂತೈತಿ.

ನೀವು ನೋಡದ ಹೊತ್ತಿನಲ್ಲಿ ಏರುತ್ತಿರಬಹುದು, ಹೆಚ್ಚಾಗಿ ಊಟದ ನಂತರ. ಇನ್ನೊಂದು ಕಾರಣ ಕಬ್ಬಿಣಾಂಶದ ಕೊರತೆ. ಅದರಿಂದ ಬಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ರಕ್ತಸ್ರಾವ ಆಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಕಡಿಮೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಹಾಗಾಗಿ ಹಿಮೋಗ್ಲೋಬಿನ್ ರಿಪೋರ್ಟನ್ನೂ ಜೊತೆಗೆ ತೋರಿಸಿ.

ಕೈಕಾಲು ನಡಗಿ ಬೆವರು ಬಿಟ್ತು. ಅದು ಏರಿದ್ದೋ, ಇಳದಿದ್ದೋ?

ನಡುಕ, ತಣ್ಣನೆ ಬೆವರು, ಎದೆ ಬಡಿತ, ತಡೆಯಲಾಗದ ಹಸಿವು, ಮಾತು ತೊದಲುವುದು ಇದ್ದರೆ ಹೆಚ್ಚಾಗಿ ಸಕ್ಕರೆ ಇಳಿದಿರುತ್ತದೆ. 70ರ ಒಳಗೆ ಇದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಸುಧಾರಿಸಿದ ಮೇಲೆ ಏನಾದರೂ ಉಣ್ಣಿರಿ. ಮಶೀನ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತಾ ಕೂರದೆ ಸಕ್ಕರೆ ಕುಡಿಯಿರಿ. ಈ ಹೊತ್ತಿಗೆ ಫೇಡೆ, ಹೋಳಿಗೆ ಬೇಡ, ಅವುಗಳ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಗಟ್ಟುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಮಶೀನ್ ಅಂಕಿ ತೋರಸ್ದ ಬರೇ ಹೈ ಅಂತ ತೋರಸ್ತು.

ಹೆಚ್ಚಿನ ಮಶೀನ್‌ಗಳಲ್ಲಿ ಅದರ ಅರ್ಥ 600 ದಾಟಿದೆ ಎಂದು. ಕೈ ತೊಳೆದು ಹೊಸ ಸ್ಟ್ರಿಪ್‌ನಲ್ಲಿ ಒಮ್ಮೆ ನೋಡಿ. ಮತ್ತೆ ಹಾಗೇ ಬಂದರೆ ಆಸ್ಪತ್ರೆಗೆ ಹೊರಡಿ, ಬೆಳಗಾಗುವ ತನಕ ಕಾಯಬೇಡಿ. 300 ದಾಟಿದ್ದು ಜೊತೆಗೆ ವಾಂತಿ, ಹೊಟ್ಟೆ ನೋವು, ಆಳವಾದ ಜೋರು ಉಸಿರು, ಬಾಯಿಂದ ಹಣ್ಣಿನಂಥ ವಾಸನೆ, ಮಂಪರು ಇದ್ದರೂ ಹಾಗೆಯೇ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಸೇರುತ್ತಿಲ್ಲ ಎಂದು ತಾವಾಗಿಯೇ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು.

ಕೈಗೆ ಕಟ್ಟೂ ವಾಚ್ ಶುಗರ್ ತೋರಸ್ತೈತಂತ. ಬೆರಳ ಚುಚ್ಚೂದು ತಪ್ಪತೈತಿ, ತಗೊಳ್ಲೇನು?

ತೆಗೆದುಕೊಳ್ಳಬೇಡಿ. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುತ್ತದೆ ಎನ್ನುವ ವಾಚು, ಉಂಗುರ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಅಂಥ ಅಂಕಿ ನಂಬಿ ಇನ್ಸುಲಿನ್ ಜಾಸ್ತಿ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ.

ತೋಳಿಗೆ ಅಂಟಿಸುವ ಸೆನ್ಸರ್ ಬೇರೆ. ಅದರ ಸಣ್ಣ ಎಳೆ ಚರ್ಮದೊಳಗೆ ಇದ್ದು, ಅಲ್ಲಿನ ದ್ರವದ ಸಕ್ಕರೆಯನ್ನು ಹಗಲು ರಾತ್ರಿ ಅಳೆಯುತ್ತದೆ. ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಹಾಗಾಗಿ ಸೆನ್ಸರ್ 95 ತೋರಿಸುತ್ತಿದ್ದರೂ ನಿಮಗೆ ನಡುಕ ಬಂದಿದ್ದರೆ ಬೆರಳು ಚುಚ್ಚಿ ನೋಡಿ. ಖರ್ಚು ಜಾಸ್ತಿ. ಇನ್ಸುಲಿನ್ ಮೇಲಿರುವ ಮಕ್ಕಳಿಗೆ, ಪದೇ ಪದೇ ಸಕ್ಕರೆ ಕುಸಿಯುವವರಿಗೆ ಅದರಿಂದ ಬಹಳ ಉಪಯೋಗ ಇದೆ.

ಶ್ರಾವಣದ ಉಪವಾಸ, ರಂಜಾನ್ ರೋಜಾ ಹಿಡೀಬಹುದೇನು?

ಹಿಡಿಯುವ ಕೆಲವು ವಾರ ಮೊದಲೇ ಡಾಕ್ಟರ್ ಹತ್ತಿರ ಕೂತು ಮಾತಾಡಿ, ಗುಳಿಗೆ, ಇನ್ಸುಲಿನ್‌ನ ಹೊತ್ತು ಮತ್ತು ಅಳತೆ ಬದಲಿಸಬೇಕಾಗುತ್ತದೆ. ಟೈಪ್ 1 ಇದ್ದವರಿಗೆ, ಬಸುರಿಯರಿಗೆ, ಕಿಡ್ನಿ ಕೆಟ್ಟವರಿಗೆ ಅಪಾಯ ಹೆಚ್ಚು. ಉಪವಾಸದ ದಿನ ಸಾಬೂದಾನಿ ಖಿಚಡಿ, ಬಾಳೆಹಣ್ಣು, ಆಲೂಗಡ್ಡೆ ಮೇಲೇ ಇದ್ದರೆ ಸಕ್ಕರೆ ಊಟದ ದಿನಕ್ಕಿಂತ ಜಾಸ್ತಿ ಏರಬಹುದು. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದೇ ಮುಸ್ಲಿಂ ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಆದ್ದರಿಂದ ಹಿಂಜರಿಯದೆ ಚೆಕ್ ಮಾಡಿ. 70ರ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಆ ದಿನದ ಉಪವಾಸ ಅಲ್ಲಿಗೇ ಬಿಡಿ.